ಎಲ್ರಿಗೂ ಆಗತ್ತೆ ಬಿಡಮ್ಮಾ...

ಈಗೀಗ ನನಗೆ ಸಿಟ್ಟು ನೆತ್ತಿಗೇರಿಸುವ ಕನ್ನಡ ಪದ ಯಾವುದು ಅಂತ ಯಾರಾದರೂ ಕೇಳಿದರೆ ಯೋಚನೆ ಮಾಡದೆ ಹೇಳಿಬಿಡ್ತೀನಿ: 'ಸಾಮಾನ್ಯ'. ಬೈಗುಳ ಅಲ್ಲ, ಕೆಟ್ಟ ಪದವಂತೂ ಅಲ್ಲವೇ ಅಲ್ಲ. ಆದರೆ ಬಸುರಿಯ ಎದುರಿಗೆ ಈ ಪದ ಬಂತು ಅಂದರೆ ಅಲ್ಲಿಗೆ ಮಾತು ಮುಗೀತು ಅಂತ ಲೆಕ್ಕ. ತಲೆ ಸುತ್ತುತ್ತೆ ಅಂದರೆ ಸಾಮಾನ್ಯ. ಮೂಗು ಕಟ್ಟಿ ರಾತ್ರಿಯೆಲ್ಲ ನಿದ್ದೆ ಇಲ್ಲ ಅಂದರೆ ಸಾಮಾನ್ಯ. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತೆ ಅಂದರೆ, ಅಯ್ಯೋ ಅದೂ ಸಾಮಾನ್ಯ ಕಣೇ, ಎಲ್ರಿಗೂ ಆಗತ್ತೆ ಬಿಡು!

ನನಗೀಗ ಇಪ್ಪತ್ತೇಳನೇ ವಾರ. ಮೂಗು ಕಟ್ಟಿಕೊಂಡು ಹನ್ನೊಂದು ವಾರ ಆಯ್ತು. ನೆಗಡಿ ಅಲ್ಲ, ಜ್ವರ ಇಲ್ಲ, ಸೀನಿಲ್ಲ, ಸುರಿಯೋದೂ ಇಲ್ಲ. ಸುಮ್ಮನೆ ಕಟ್ಟಿಕೊಂಡಿದೆ, ಮೊದಲ ಮಳೆಗೆ ಬೆಂಗಳೂರಿನ ಮೋರಿ ಕಟ್ಟಿಕೊಳ್ಳುತ್ತಲ್ಲ ಹಾಗೆ. ಎಡಕ್ಕೆ ಮಲಗಿದರೆ ಎಡ ಹೊಳ್ಳೆ ಬಂದ್, ಬಲಕ್ಕೆ ತಿರುಗಿದರೆ ಬಲ ಹೊಳ್ಳೆ ಬಂದ್. ಬಾಯಲ್ಲಿ ಉಸಿರಾಡಿ ಉಸಿರಾಡಿ ಬೆಳಗ್ಗೆ ಹೊತ್ತಿಗೆ ಗಂಟಲು ಹಪ್ಪಳ. ಗೊರಕೆ ಬೇರೆ ಶುರುವಾಗಿದೆ ಅಂತ ನಮ್ಮವರು ಪ್ರಮಾಣ ಮಾಡಿ ಹೇಳ್ತಿದಾರೆ, ನಾನು ಒಪ್ಪಿಲ್ಲ :) ತಲೆಸುತ್ತು ಇನ್ನೂ ಹಳೆಯದು, ನಾಲ್ಕನೇ ತಿಂಗಳಿಂದ ಜೊತೆಗಿದೆ. ಇದ್ಯಾವುದೂ ತಡೆಯೋಕೆ ಆಗದಂಥದ್ದಲ್ಲ, ಇದಕ್ಕಿಂತ ಎಷ್ಟೋ ಹೆಚ್ಚು ಕಷ್ಟಪಟ್ಟವರಿದ್ದಾರೆ. ನನ್ನ ಜಗಳ ಮೂಗಿನ ಜೊತೆಗಲ್ಲ, ಆ ಪದದ ಜೊತೆಗೆ.

ಮೊದಲ ಸಲ ಕೇಳಿದ್ದು ಆಸ್ಪತ್ರೆಯಲ್ಲಿ. ಯಾವ ಆಸ್ಪತ್ರೆ ಅಂತ ಬೇಡ, ಎಲ್ಲ ಕಡೆ ಕಥೆ ಒಂದೇ. ಎರಡೂವರೆ ಗಂಟೆ ಹೊರಗೆ ಕೂತು, ಒಳಗೆ ನಾಲ್ಕು ನಿಮಿಷ. "ತಲೆ ತುಂಬಾ ಸುತ್ತತ್ತೆ ಡಾಕ್ಟ್ರೇ" ಅಂದೆ. "ನಾರ್ಮಲ್ ಅಮ್ಮಾ, ಎಲ್ರಿಗೂ ಆಗತ್ತೆ." ಯಾಕೆ ಅಂತ ಕೇಳಿದೆ. "ಹಾರ್ಮೋನ್ಸ್." ಮುಗೀತು, ಮುಂದಿನವರ ಹೆಸರು ಕೂಗಿಯಾಯ್ತು. ಈ ಹಾರ್ಮೋನು ಅನ್ನೋದು ನಮ್ಮ ಕಾಲದ ಶನಿಕಾಟ ಇದ್ದ ಹಾಗೆ ನೋಡಿ. ಯಾವ ಪ್ರಶ್ನೆಗೂ ಉತ್ತರ ಆಗುತ್ತೆ, ಯಾರ ತಪ್ಪೂ ಅಲ್ಲ, ಶಾಂತಿಯೂ ಇಲ್ಲ, ಕಳೆಯೋವರೆಗೂ ಅನುಭವಿಸಬೇಕು ಅಷ್ಟೇ.

ಅದಕ್ಕಿಂತ ನಮ್ಮತ್ತೆ ವಾಸಿ. ಅವರು ಕಾರಣವನ್ನಾದರೂ ಕೊಟ್ಟರು. ಮೂಗು ಕಟ್ಟೋದು ಎಳನೀರಿನ ಶೀತಕ್ಕೆ, ತಲೆ ಸುತ್ತೋದು ಪಿತ್ತಕ್ಕೆ. ಮೊದಲನೆಯದಕ್ಕೆ ಮೆಣಸಿನ ಸಾರು, ಎರಡನೆಯದಕ್ಕೆ ಜೀರಿಗೆ ಕಷಾಯ. ಕಾರಣ ಸರಿಯೋ ತಪ್ಪೋ ಆಮೇಲಿನ ಮಾತು, ನಾನು ಹೇಳಿದ್ದನ್ನ ಒಬ್ಬರು ಕೂತು ಕೇಳಿ, ಎದ್ದು ಹೋಗಿ ಒಲೆ ಹಚ್ಚಿದರಲ್ಲ! ಮೆಣಸಿನ ಸಾರಿನ ಬಿಸಿಗೆ ಒಂದು ಹತ್ತು ನಿಮಿಷ ಮೂಗು ಬಿಡುತ್ತೆ ಅನ್ನೋದೂ ನಿಜ.

ಸರಿ, ಯಾಕೆ ಆಗುತ್ತೆ ಅಂತ ನಾನೇ ಓದಿಕೊಂಡೆ. ಓದಿದ್ದನ್ನ ಇಲ್ಲಿ ಹಾಕ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚಾಗುತ್ತೆ. ಆದರೆ ಅದರಲ್ಲಿ ನೀರಿನಂಶ ಹೆಚ್ಚಿದಷ್ಟು ಕೆಂಪು ಕಣಗಳು ಹೆಚ್ಚೋದಿಲ್ಲ. ನೆಂಟರು ಬಂದಾಗ ಸಾರಿಗೆ ನೀರು ಬೆರೆಸಿದ ಹಾಗೆ, ರಕ್ತ ತೆಳ್ಳಗಾಗುತ್ತೆ. ಅದರ ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ರಕ್ತನಾಳಗಳನ್ನ ಸಡಿಲ ಮಾಡುತ್ತೆ, ನಡುವಿನ ತಿಂಗಳುಗಳಲ್ಲಿ ಬಿಪಿ ಇಳಿಯುತ್ತೆ. ಹೀಗಿರುವಾಗ ದಿಢೀರ್ ಅಂತ ಎದ್ದರೆ ರಕ್ತ ಕಾಲಲ್ಲೇ ಉಳಿದುಬಿಡುತ್ತೆ, ತಲೆಗೆ ಒಂದು ಗಳಿಗೆ ಸಾಲದೇ ಬರುತ್ತೆ. ಕಣ್ಣು ಕತ್ತಲೆ ಬರೋದು ಅದಕ್ಕೆ. ಐದು-ಆರು ತಿಂಗಳು ಕಳೆದ ಮೇಲೆ ಅಂಗಾತ ಮಲಗಿದರೂ ಸುತ್ತು ಬರಬಹುದು. ಕಾಲಿಂದ ಹೃದಯಕ್ಕೆ ರಕ್ತ ವಾಪಸು ತರುವ ದೊಡ್ಡ ನಾಳ ಬೆನ್ನುಮೂಳೆಯ ಪಕ್ಕದಲ್ಲೇ ಹೋಗುತ್ತೆ, ತುಂಬಿದ ಗರ್ಭಕೋಶ ಅದರ ಮೇಲೆ ಕೂತುಬಿಡುತ್ತೆ. ಎಡ ಮಗ್ಗುಲಿಗೆ ಮಲಗು ಅಂತ ಅಜ್ಜಿಯರು ಹೇಳ್ತಿದ್ದರಲ್ಲ, ಹಿಂದಿನ ಕಾರಣ ಇದು.

ಮೂಗಿನ ಕಥೆಯೂ ಇದರದ್ದೇ ತಂಗಿ. ಮೂಗಿನ ಒಳಪದರ ಅಂದರೆ ಸಣ್ಣ ಸಣ್ಣ ರಕ್ತನಾಳಗಳ ಗೂಡು. ಮೈಯೆಲ್ಲ ರಕ್ತ ಹೆಚ್ಚಿ ನಾಳಗಳು ಸಡಿಲವಾದಾಗ ಆ ಪದರ ಊದಿಕೊಂಡು ದಾರಿ ಕಿರಿದಾಗುತ್ತೆ. ಒಳಗೆ ಕಟ್ಟಿರೋದು ಕಫ ಅಲ್ಲ, ಊತ. ಹಾಗಾಗಿ ಎಷ್ಟು ತಿಣುಕಿದರೂ ಏನೂ ಬರಲ್ಲ, ಜೋರು ಮಾಡಿದರೆ ರಕ್ತ ಬರುತ್ತೆ ಅಷ್ಟೇ. ಇದಕ್ಕೊಂದು ಹೆಸರೂ ಇದೆ, ಪ್ರೆಗ್ನೆನ್ಸಿ ರೈನೈಟಿಸ್. ಸುಮಾರು ಐದು ಜನ ಬಸುರಿಯರಲ್ಲಿ ಒಬ್ಬರಿಗೆ ಆಗುತ್ತೆ, ಹೆರಿಗೆಯಾಗಿ ಎರಡು ವಾರದೊಳಗೆ ತಾನಾಗೇ ಹೋಗುತ್ತೆ. ತುರಿಕೆ, ಸೀನು, ಕಣ್ಣಲ್ಲಿ ನೀರು ಇದ್ದರೆ ಅದು ಬೇರೆ, ಅಲರ್ಜಿ. ಮುಖ ನೋವು, ಜ್ವರ, ಹಸಿರು-ಹಳದಿ ಸಿಂಬಳ ಇದ್ದರೆ ಅದು ಸೈನಸ್ ಸೋಂಕು, ಅದಕ್ಕೆ ಔಷಧಿಯೇ ಬೇಕು.

ಈ ಎರಡು ಪ್ಯಾರಾ ಜೋರಾಗಿ ಓದೋಕೆ ಎಷ್ಟು ಹೊತ್ತು ಬೇಕು? ನಾನು ಓದಿ ನೋಡಿದೆ, ಕಟ್ಟಿದ ಮೂಗಲ್ಲೇ. ಎರಡು ನಿಮಿಷ ಆಗಲಿಲ್ಲ. ಆ ಎರಡು ನಿಮಿಷ ನಮಗೆ ಸಿಗೋದಿಲ್ಲ.

ಡಾಕ್ಟರುಗಳಿಗೆ ಪುರುಸೊತ್ತಿಲ್ಲ, ಒಂದು ಬೆಳಗ್ಗೆಗೆ ಅರವತ್ತು ಎಪ್ಪತ್ತು ಜನ ನೋಡ್ತಾರೆ ಅಂತ ನೀವು ಹೇಳಬಹುದು. ಒಪ್ಪಿದೆ. ಹೊರಗೆ ಕಾಯಿಸಿದ ಎರಡೂವರೆ ಗಂಟೆಯಲ್ಲಿ ಗೋಡೆಯ ಟೀವಿಯಲ್ಲಿ ಪ್ಯಾಕೇಜುಗಳ ಜಾಹೀರಾತು ಓಡ್ತಾ ಇತ್ತಲ್ಲ, ಅದರ ಜಾಗದಲ್ಲಿ ಇದನ್ನ ಕನ್ನಡದಲ್ಲಿ ಓಡಿಸಬಹುದಿತ್ತು. ಒಬ್ಬ ನರ್ಸಮ್ಮ ಹೇಳಬಹುದಿತ್ತು. ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡಬಹುದಿತ್ತು. ಮನಸ್ಸಿಲ್ಲ ಅಷ್ಟೇ. ಸಾಮಾನ್ಯವಾದದ್ದಕ್ಕೆ ಹಾಳೆ ಯಾಕೆ ಖರ್ಚು ಅಂತಿರಬೇಕು!

ಹೇಳದೇ ಇದ್ದರೆ ಏನು ಮಹಾ ನಷ್ಟ ಅನ್ನೋರಿಗೆ ಒಂದು ಉದಾಹರಣೆ, ಹಬೆ. ಮೂಗು ಕಟ್ಟಿದೆ ಅಂದ ಕೂಡಲೇ ನಮ್ಮಲ್ಲಿ ಎಲ್ಲರ ಬಾಯಲ್ಲೂ ಬರೋದು ಅದೇ. ಕುದಿಯೋ ನೀರು ತುಂಬಿದ ಪಾತ್ರೆ, ಒಂದಿಷ್ಟು ನೀಲಗಿರಿ ಎಣ್ಣೆಯೋ ವಿಕ್ಸೋ, ತಲೆಯ ಮೇಲೆ ದಪ್ಪ ಕಂಬಳಿ. ಈಗ ತಲೆಸುತ್ತಿರುವ ಬಸುರಿಯನ್ನ ಅದರೊಳಗೆ ಕೂರಿಸಿ ನೋಡಿ. ಹತ್ತು ನಿಮಿಷ ಬಗ್ಗಿ ಕೂತಿದಾಳೆ, ಬಿಸಿಗೆ ರಕ್ತನಾಳಗಳು ಇನ್ನಷ್ಟು ಸಡಿಲ, ಕಂಬಳಿಯೊಳಗೆ ಗಾಳಿ ಇಲ್ಲ, ಆಮೇಲೆ ಸಟ್ಟನೆ ಎದ್ದು ನಿಲ್ತಾಳೆ. ಎದುರಿಗೆ ಕುದಿಯೋ ನೀರು. ಮೂಗಿಗೆ ಮಾಡಿದ ಮದ್ದು ತಲೆಸುತ್ತಿಗೆ ಆಹ್ವಾನ. ಕಫವಿಲ್ಲದ ಬರೀ ಊತಕ್ಕೆ ಹಬೆಯಿಂದ ಸಿಗೋದು ಆ ಹೊತ್ತಿನ ಹಾಯೆನಿಸುವಿಕೆ ಮಾತ್ರ. ಬಿಸಿನೀರಿನ ಬಚ್ಚಲಲ್ಲಿ ಸ್ಟೂಲ್ ಹಾಕಿ ಐದು ನಿಮಿಷ ಕೂತರೆ ಅಷ್ಟೇ ಸಿಗುತ್ತೆ.

ಬಚ್ಚಲು ಅಂದಾಗ ನೆನಪಾಯ್ತು. ನಮ್ಮ ಮಲೆನಾಡಿನ ಕಡೆ ಬಸುರಿಗೆ ಎಣ್ಣೆ ಹಚ್ಚಿ ಹಂಡೆಯ ನೀರಿನ ಅಭ್ಯಂಜನ ಅಂದರೆ ದೊಡ್ಡ ಪ್ರೀತಿ. ಪ್ರೀತಿಯೇ, ಇಲ್ಲ ಅನ್ನಲ್ಲ. ಆದರೆ ಕೈ ಸುಡೋ ನೀರು, ಹೊಗೆ ಕಟ್ಟಿದ ಬಚ್ಚಲು, ಜಾರೋ ಕಲ್ಲು, ಒಳಗಿಂದ ಚಿಲಕ... ತವರಿಗೆ ಹೋದಾಗ ನಾನು ಅಮ್ಮನಿಗೆ ಮೂರು ಷರತ್ತು ಹಾಕಿದೆ. ನೀರು ಉಗುರು ಬೆಚ್ಚಗಿರಬೇಕು, ನಾನು ಮಣೆಯ ಮೇಲೆ ಕೂತೇ ಇರ್ತೀನಿ, ಚಿಲಕ ಹಾಕಲ್ಲ. "ಏನೇನೋ ಓದ್ಕೊಂಡು ಬಂದಿದೀಯ ಮಾರಾಯ್ತಿ" ಅಂದಳು. ಅಂದರೂ ಹಾಗೇ ಮಾಡಿದಳು.

ಮೂಗಿಗೆ ನಿಜವಾಗಿ ಉಪಯೋಗ ಆಗಿದ್ದು ಎರಡು. ಒಂದು, ಉಪ್ಪುನೀರು. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಕೊಂಚ ಕಡಿಮೆ ಉಪ್ಪು. ನೀರನ್ನ ಕುದಿಸಿ ಆರಿಸಿರಲೇಬೇಕು, ನಲ್ಲಿಯಿಂದ ನೇರ ಹಿಡಿದದ್ದು ಬೇಡವೇ ಬೇಡ. ಕೇರಳದಲ್ಲಿ 2024, 2025ರಲ್ಲಿ ಮೂಗಿನ ಮೂಲಕ ಮಿದುಳಿಗೆ ಹತ್ತುವ ಅಮೀಬಾದಿಂದ ಜನ ಸತ್ತದ್ದು ಓದಿರ್ತೀರಿ. ಜಲನೇತಿ ಅಭ್ಯಾಸ ಇದ್ದವರಿಗೆ ಇದು ಸುಲಭ, ಇಲ್ಲದವರಿಗೆ ಅಂಗಡಿಯಲ್ಲಿ ಬರೀ ಉಪ್ಪುನೀರಿನ ಸ್ಪ್ರೇ ಸಿಗುತ್ತೆ, ದಿನಕ್ಕೆ ನಾಲ್ಕು ಸಲ ಬೇಕಾದರೂ ಹಾಕಬಹುದು. ಎರಡು, ತಲೆ ಎತ್ತರಿಸಿ ಮಲಗೋದು. ದಿಂಬಿನ ಮೇಲೆ ದಿಂಬು ಇಟ್ಟರೆ ಕುತ್ತಿಗೆ ಹಿಡಿಯುತ್ತೆ. ನಮ್ಮವರು ಮಂಚದ ತಲೆಕಡೆಯ ಎರಡು ಕಾಲಿಗೂ ಇಟ್ಟಿಗೆ ಕೊಟ್ಟರು. ಮೊದಲ ರಾತ್ರಿ ಇಬ್ಬರೂ ಕಾಲಕಡೆಗೆ ಜಾರಿಕೊಂಡು ಹೋದೆವು, ಈಗ ಅಭ್ಯಾಸವಾಗಿದೆ. ಇದರ ಜೊತೆ ಮಲಗೋ ಕೋಣೆಯಿಂದ ಊದುಬತ್ತಿ, ಸೊಳ್ಳೆ ಬತ್ತಿ ಎರಡನ್ನೂ ಗಡೀಪಾರು ಮಾಡಿ ಸೊಳ್ಳೆ ಪರದೆ ಕಟ್ಟಿದೆವು.

ಇನ್ನು ಮೆಡಿಕಲ್ ಶಾಪು. ಹೊಟ್ಟೆ ಕಾಣ್ತಾ ಇದ್ದರೂ ಕೌಂಟರಿನ ಹುಡುಗ ಒಂದು ಪಟ್ಟಿ ನೆಗಡಿ ಮಾತ್ರೆ, ಒಂದು ಮೂಗಿನ ಹನಿ ತಳ್ಳಿದ. ಚೀಟಿ ಕೇಳಲಿಲ್ಲ, ಎಷ್ಟನೇ ತಿಂಗಳು ಅಂತಲೂ ಕೇಳಲಿಲ್ಲ. ನಾನು ಅಲ್ಲೇ ನಿಂತು ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿದೆ, ಹಿಂದಿನವರು ಗೊಣಗಿದರು, ಗೊಣಗಲಿ. ಮಾತ್ರೆಯಲ್ಲಿದ್ದದ್ದು ಫಿನೈಲೆಫ್ರಿನ್. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕರೆದಿದ್ದ ತಜ್ಞರ ಸಮಿತಿ, ಇದನ್ನ ನುಂಗಿದರೆ ಮೂಗು ಬಿಡುವುದಿಲ್ಲ ಅಂತ ಒಮ್ಮತದಿಂದ ಹೇಳಿತು. 2024ರ ನವೆಂಬರಿನಲ್ಲಿ ಆ ಸಂಸ್ಥೆಯೇ ಅಂಥ ಮಾತ್ರೆಗಳಿಂದ ಅದನ್ನ ಕೈಬಿಡುವ ಪ್ರಸ್ತಾಪ ಇಟ್ಟಿತು. ಮೂಗು ಬಿಡಿಸದ ಮೂಗಿನ ಮಾತ್ರೆ! ಜೊತೆಗೆ ಅದರಲ್ಲಿದ್ದ ಅಲರ್ಜಿ ಔಷಧಿ ನಿದ್ದೆ ಬರಿಸುತ್ತೆ, ಮೊದಲೇ ತೂಗಾಡುವವಳನ್ನ ಇನ್ನಷ್ಟು ತೂಗಾಡಿಸುತ್ತೆ. ಹನಿಯ ಕಥೆ ಇನ್ನೊಂದು ಥರ. ಆಕ್ಸಿಮೆಟಜೊಲಿನ್, ಕ್ಸೈಲೊಮೆಟಜೊಲಿನ್ ಜಾತಿಯ ಹನಿ ಹಾಕಿದ ಕೂಡಲೇ ಸ್ವರ್ಗ ಕಾಣುತ್ತೆ. ಮೂರರಿಂದ ಐದು ದಿನ ಮೀರಿ ಹಾಕಿದರೆ ಹನಿಯಿಂದಲೇ ಮೂಗು ಕಟ್ಟೋಕೆ ಶುರು, ಆಮೇಲೆ ಅದಿಲ್ಲದೆ ಉಸಿರೇ ಇಲ್ಲ. ಮೂರು ತಿಂಗಳು ಕಟ್ಟಿರುವ ಮೂಗಿಗೆ ಮೂರು ದಿನದ ಔಷಧಿ, ಅದರ ಮೇಲೆ ಒಂದು ಎಚ್ಚರಿಕೆಯ ಮಾತಿಲ್ಲ. ತಲೆನೋವಿಗೂ ಸೇರಿಸಿ ಕೊಡುವ ಕೆಲವು ಮಾತ್ರೆಗಳಲ್ಲಿ ಐಬುಪ್ರೊಫೆನ್ ಇರುತ್ತೆ. 20 ವಾರ ದಾಟಿದ ಮೇಲೆ ಆ ಜಾತಿಯ ನೋವಿನ ಮಾತ್ರೆ ಮಗುವಿನ ಮೂತ್ರಪಿಂಡಕ್ಕೆ, ಗರ್ಭದ ನೀರಿಗೆ ಅಪಾಯ ಅಂತ 2020ರಲ್ಲೇ ಎಚ್ಚರಿಸಿದ್ದಾರೆ. ಎರಡನ್ನೂ ವಾಪಸು ಕೊಟ್ಟು ಉಪ್ಪುನೀರಿನ ಸ್ಪ್ರೇ ತಗೊಂಡು ಬಂದೆ.

ಇಷ್ಟು ಹೊತ್ತು ನನ್ನ ಮೂಗಿನ ಪುರಾಣ ಆಯ್ತು. ಇದನ್ನ ಬರೆಯೋಕೆ ಕೂತಿದ್ದು ಆ ಕಾರಣಕ್ಕಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವ ಹುಡುಗಿಗೂ ಈಗ ಆರು ತಿಂಗಳು. ಇಪ್ಪತ್ತೆರಡು ವಯಸ್ಸು, ಎರಡನೇ ಬಸುರು, ಮೊದಲ ಮಗುವಿಗೆ ಇನ್ನೂ ಎರಡು ತುಂಬಿಲ್ಲ. ನನ್ನ ಹಾಗೇ ಆಕೆಗೂ ತಲೆಸುತ್ತು. ಪಾತ್ರೆ ತೊಳೀತಾ ಸಿಂಕ್ ಹಿಡ್ಕೊಂಡು ನಿಂತುಬಿಡ್ತಿದ್ದಳು. "ಏನಾಯ್ತೇ" ಅಂದರೆ, "ಏನಿಲ್ಲ ಅಕ್ಕಾ, ತಲೆ ಗಿರ್ ಅಂತು. ನಮ್ಮತ್ತೆ ಹೇಳವ್ರೆ, ಎಲ್ರುಗೂ ಆಯ್ತದಂತೆ." ಅದೇ ಮಾತು! ಊರು ಬೇರೆ, ಜಾತಿ ಬೇರೆ, ಕನ್ನಡ ಬೇರೆ, ಮಾತು ಮಾತ್ರ ಅದೇ. ಆಕೆಯ ತಾಯಿ ಕಾರ್ಡ್ ಇಸಕೊಂಡು ನೋಡಿದೆ. ಹಿಮೋಗ್ಲೋಬಿನ್ ಕಾಲಂನಲ್ಲಿ 7.8 ಅಂತ ಬರೆದಿತ್ತು. ನನ್ನದು 11.4. ಬಸುರಿಗೆ 11ಕ್ಕಿಂತ, ನಡುವಿನ ಮೂರು ತಿಂಗಳಲ್ಲಾದರೆ 10.5ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 7ಕ್ಕಿಂತ ಕೆಳಗಿಳಿದರೆ ತೀವ್ರ. ಅಂದರೆ ಆಕೆ ಬಾಗಿಲ ಹತ್ತಿರವೇ ನಿಂತಿದ್ದಳು.

ನನ್ನ ತಲೆಸುತ್ತು, ಆಕೆಯ ತಲೆಸುತ್ತು, ಎರಡಕ್ಕೂ ಒಂದೇ ಪದ. ನನ್ನದು ನೀರು ಕುಡಿದು, ನಿಧಾನವಾಗಿ ಎದ್ದರೆ ಹೋಗುವಂಥದ್ದು. ಆಕೆಯದ್ದು ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಜೀವಕ್ಕೆ ಬರುವಂಥದ್ದು. ಇದಕ್ಕಾಗಿಯೇ ನನಗೆ ಆ ಪದದ ಮೇಲೆ ಸಿಟ್ಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇಕಡಾ 52.2ರಷ್ಟು ಜನರಿಗೆ ರಕ್ತಹೀನತೆ, ನಮ್ಮ ರಾಜ್ಯದಲ್ಲಿ ಶೇಕಡಾ 45ರ ಆಸುಪಾಸು. ಹೀಗಿರುವ ದೇಶದಲ್ಲಿ 'ಎಲ್ರಿಗೂ ಆಗತ್ತೆ' ಅನ್ನೋದು ಸುಳ್ಳಲ್ಲ, ಹೌದು, ಎಲ್ಲರಿಗೂ ಆಗ್ತಿದೆ. ಅರ್ಧ ಊರಿಗೆ ಜ್ವರ ಬಂದರೆ ಅದನ್ನ ಸಾಮಾನ್ಯ ಅಂತೀವಾ?

ಆಕೆಗೆ ಮಾತ್ರೆ ಕೊಟ್ಟಿರಲಿಲ್ಲ ಅಂದುಕೊಳ್ಳಬೇಡಿ. ಕೊಟ್ಟಿದ್ದರು. ಸರ್ಕಾರಿ ಲೆಕ್ಕದಲ್ಲಿ ಬಸುರಿಗೆ 180 ದಿನ ಕಬ್ಬಿಣಾಂಶದ ಮಾತ್ರೆ ಪುಕ್ಕಟೆ, ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟಿದ್ದರು. ನಾಲ್ಕು ದಿನ ನುಂಗಿದಳಂತೆ, ಹೊಟ್ಟೆ ತೊಳೆಸಿತು, ಕಕ್ಕಸು ಕಪ್ಪಗಾಯ್ತು. ಹೆದರಿ ಬಿಟ್ಟಳು. ಮೇಲಿಂದ ಪಕ್ಕದ ಮನೆಯವರು ಆ ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ ಅಂದರಂತೆ. ಮಾತ್ರೆಗಳೆಲ್ಲ ಡಬ್ಬಿಯಲ್ಲಿ ಹಾಗೇ ಇವೆ. ಕಪ್ಪಗಾಗೋದು ಕಬ್ಬಿಣಕ್ಕೆ, ಹೆದರಬೇಡ, ರಾತ್ರಿ ಮಲಗುವ ಮುಂಚೆ ತಗೋ, ಮಗುವಿನ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಾಲ್ಕು ಮಾತು ಹೇಳಿದ್ದರೆ ಆ ಡಬ್ಬಿ ಖಾಲಿಯಾಗಿರ್ತಿತ್ತು. ಇನ್ನೊಂದು, ಬೆಳಗ್ಗೆ ಐದೂವರೆಗೆ ಒಂದು ಲೋಟ ಟೀ ಕುಡಿದು ಹೊರಟರೆ ಆಕೆಯ ಮುಂದಿನ ಊಟ ಹನ್ನೊಂದು ಗಂಟೆಗೆ, ನಾಲ್ಕು ಮನೆ ಮುಗಿಸಿದ ಮೇಲೆ. ತಿಂದ ಮೇಲೆ ಮತ್ತೆ ಟೀ. ಟೀ-ಕಾಫಿ ಊಟದ ಜೊತೆಗೇ ಬಿದ್ದರೆ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತೋದಿಲ್ಲ, ನಿಂಬೆಹುಳಿ ಇದ್ದರೆ ಚೆನ್ನಾಗಿ ಹತ್ತುತ್ತೆ. ರಾಗಿಮುದ್ದೆ, ಸೊಪ್ಪಿನ ಸಾರು ತಿನ್ನುವ ಮನೆಯವಳು ಆಕೆ. ಊಟ ತಿಂದದ್ದಕ್ಕೆ ಫಲ ಸಿಗಲಿಲ್ಲ, ಗಂಟೆಯೊಂದು ಬಿಟ್ಟು ಟೀ ಕುಡಿ ಅಂತ ಹೇಳುವವರಿರಲಿಲ್ಲ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ ಇರುತ್ತೆ, 2016ರಲ್ಲಿ ಶುರುವಾದ ಸುರಕ್ಷಿತ ಮಾತೃತ್ವ ಅಭಿಯಾನದ್ದು. ಹೋದ ತಿಂಗಳು ಆಕೆಯನ್ನ ಕರ್ಕೊಂಡು ಹೋದೆ. ಅಲ್ಲಿದ್ದ ಡಾಕ್ಟರಮ್ಮ ಕಾರ್ಡ್ ನೋಡಿದ್ದೇ ತಡ, ಮಾತ್ರೆ ಸಾಲಲ್ಲ ಅಂತ ಐರನ್ ಡ್ರಿಪ್ ಬರೆದರು, ಅವತ್ತೇ ಶುರು ಮಾಡಿಸಿದರು. ಆ ಸಾಲಿನಲ್ಲಿ ನೂರು ಜನ ಇದ್ದರು. ಅವರಿಗೂ ಪುರುಸೊತ್ತಿರಲಿಲ್ಲ. ಆದರೂ "ತಲೆ ಸುತ್ತೋದು ಯಾವಾಗ, ನಿಂತಾಗಲೋ ಕೂತಾಗಲೋ, ಎದೆ ಡವಡವ ಅಂತದಾ, ಮೆಟ್ಲು ಹತ್ತಿದ್ರೆ ಉಸಿರು ಕಟ್ತದಾ" ಅಂತ ಕೇಳಿದರು. ನೋಡಿ, ಕೇಳೋಕೆ ಆಗುತ್ತೆ.

ಇನ್ನೊಂದು ಕಥೆ ಹೇಳಲೇಬೇಕು, ಇದು ಮೂಗಿನ ಕಡೆಯದ್ದು. ನಮ್ಮ ಚಿಕ್ಕಮ್ಮನ ಮಗಳಿಗೆ ಮೊದಲಿಂದಲೂ ಸೈನಸ್ ತೊಂದರೆ. ಎಂಟನೇ ತಿಂಗಳಲ್ಲಿ ಹಣೆ ಒಡೆಯುವಂಥ ತಲೆನೋವು. ಮನೆಯವರೆಲ್ಲ ಸೈನಸ್ ಅಂದರು, ಅಮೃತಾಂಜನ ತಿಕ್ಕಿದರು, ಕಷಾಯ ಕೊಟ್ಟರು. ಮುಖ ಊದಿದೆ ಅಂದರೆ ಬಸುರಿ ಕಳೆ ಅಂದರು. ಮೂರನೇ ದಿನ ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ ಆಗ್ತಿದೆ ಅಂತ ಅವಳೇ ಹಟ ಮಾಡಿ ಆಸ್ಪತ್ರೆಗೆ ಹೋದಳು. ಬಿಪಿ 160/110! ಅವತ್ತೇ ದಾಖಲು, ಎರಡು ದಿನದಲ್ಲಿ ಸಿಸೇರಿಯನ್. ಈಗ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ದೇವರ ದಯೆ. 20 ವಾರ ದಾಟಿದ ಮೇಲೆ ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖ-ಕೈ ದಿಢೀರ್ ಊತ, ಇದರಲ್ಲಿ ಯಾವುದು ಬಂದರೂ ಮೊದಲು ಬಿಪಿ ನೋಡಿಸಬೇಕು, ಸೈನಸ್ಸೋ ಮಣ್ಣೋ ಆಮೇಲೆ. 140/90 ದಾಟಿದರೆ ಮನೆಯಲ್ಲಿ ಕೂರುವ ಹಾಗಿಲ್ಲ. ಹಾಗೇ ತಲೆಸುತ್ತಿನ ಜೊತೆ ರಕ್ತ ಕಂಡರೆ, ಕಿಬ್ಬೊಟ್ಟೆಯಲ್ಲಿ ವಿಪರೀತ ನೋವಿದ್ದರೆ, ಪ್ರಜ್ಞೆ ತಪ್ಪಿ ಬಿದ್ದರೆ, ಎದೆನೋವಿದ್ದರೆ ಆಟೋ ಹತ್ತಬೇಕು. ಗೊರಕೆಯನ್ನೂ ನಗಾಡಿ ಬಿಡೋ ಹಾಗಿಲ್ಲವಂತೆ. ಬಸುರಿಯಲ್ಲಿ ಹೊಸದಾಗಿ ಶುರುವಾಗುವ ಗೊರಕೆಗೂ ಬಿಪಿ ಏರುವುದಕ್ಕೂ ನಂಟಿರುವುದು ಅಧ್ಯಯನಗಳಲ್ಲಿ ಕಂಡಿದೆ. ಅದನ್ನ ಓದಿದ ಮೇಲೆ ನಮ್ಮವರ ಆರೋಪವನ್ನ ಡಾಕ್ಟರಿಗೆ ಹೇಳೋಣ ಅಂತ ಬರೆದಿಟ್ಟುಕೊಂಡಿದೀನಿ. ಆರೋಪ ಮಾತ್ರ ಈಗಲೂ ಒಪ್ಪಿಲ್ಲ!

ಈ ಮಾತೆಲ್ಲ ಹೇಳಿದರೆ ಹಿರಿಯರ ಉತ್ತರ ಗೊತ್ತಲ್ಲ, "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಗದ್ದೆ ನಟ್ಟಿ ಮಾಡಿ ಬಂದು ಹೆತ್ವಿ." ಹೆತ್ತಿರಿ, ನಿಜ. ನಿಮ್ಮ ಗಟ್ಟಿತನಕ್ಕೆ ಕೈ ಮುಗೀತೀನಿ. ಆದರೆ ಹೆತ್ತು ಬದುಕಿದವರು ಮಾತ್ರ ತಾನೇ ಇವತ್ತು ನಮಗೆ ಕಥೆ ಹೇಳ್ತಿರೋದು? ಅಷ್ಟು ಹಿಂದೆ ಹೋಗೋದೂ ಬೇಡ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯ್ತಿದ್ದರು, 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆ ಹೆರಿಗೆ, ರಕ್ತ ಪರೀಕ್ಷೆ, ಬಿಪಿ ಪಟ್ಟಿ, ಇಂಥವು ಸೇರಿ ಇಳಿಸಿದ್ದು ಅದು. ನಮ್ಮಜ್ಜಿಯ ಅಕ್ಕ ಒಬ್ಬಳು ಬಾಣಂತನದಲ್ಲಿ ಹೋದಳಂತೆ. ಅವಳಿಗೂ ತಲೆ ಸುತ್ತುತ್ತಿತ್ತೋ ಏನೋ, ಕೇಳಿಟ್ಟುಕೊಂಡವರಿಲ್ಲ.

ಆಫೀಸಿನ ಮಾತು ಜಾಸ್ತಿ ಬೇಡ, ನನಗೆ ಕುರ್ಚಿ ಇದೆ. ಕುರ್ಚಿ ಇಲ್ಲದವರ ಬಗ್ಗೆ ಯೋಚನೆ ಮಾಡಿ. ಸೀರೆ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲುವವರು, ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮಾಡುವವರು, ಟ್ರಾಫಿಕ್ಕಿನಲ್ಲಿ ನಿಂತ ಮಹಿಳಾ ಪೇದೆ. ಅಲುಗಾಡದೆ ನಿಂತರೆ ರಕ್ತ ಕಾಲಲ್ಲಿ ನಿಲ್ಲುತ್ತೆ ಅಂತ ಮೇಲೆ ಹೇಳಿದೆನಲ್ಲ. ಕಕ್ಕಸಿಗೆ ಬಿಡಲ್ಲ ಅಂತ ಇವರಲ್ಲಿ ಎಷ್ಟೋ ಜನ ನೀರೇ ಕುಡಿಯಲ್ಲ, ಆಮೇಲೆ ತಲೆ ಸುತ್ತದೆ ಏನಾಗುತ್ತೆ? ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕನ್ನ ಕಾನೂನಿಗೆ ಸೇರಿಸಿದವು. ಕೂರೋದಕ್ಕೂ ಕಾನೂನು ಬೇಕಾಯ್ತು! 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ, ಬಸುರಿ ಕೇಳಿಕೊಂಡರೆ ಹೊತ್ತುಗಟ್ಟಲೆ ನಿಲ್ಲುವ ಕೆಲಸ ಕೊಡಬಾರದು ಅಂತ ಬರೆದಿದ್ದರು. ಯಾವಾಗಿಂದ ಗೊತ್ತಾ? ಹೆರಿಗೆಗೆ ಮುಂಚಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು. ಅಂದರೆ ಏಳನೇ ತಿಂಗಳು ಮುಗಿಯುವ ಹೊತ್ತಿಗೆ. ಬಿಪಿ ಇಳಿದು ಕಣ್ಣು ಕತ್ತಲೆ ಬರೋದು ನಾಲ್ಕು, ಐದು, ಆರನೇ ತಿಂಗಳಲ್ಲಿ. ಹೊಟ್ಟೆ ಕಾಣದ ಬಸುರಿಗೆ ಬಸ್ಸಿನಲ್ಲೂ ಸೀಟಿಲ್ಲ, ಕಾನೂನು ಬರೆದವರ ಕಣ್ಣಿಗೂ ಬೀಳಲಿಲ್ಲ.

ಇನ್ನು ಸೀಮಂತ. ಬರುವ ತಿಂಗಳು ಇಟ್ಟುಕೊಂಡಿದ್ದಾರೆ. ಕಾರ್ಯಕ್ರಮ ಪಟ್ಟಿ ನೋಡಿದೆ. ಉಪವಾಸದಲ್ಲಿ ತಲೆಸ್ನಾನ, ರೇಷ್ಮೆ ಸೀರೆ, ಹೋಮದ ಮುಂದೆ ಎರಡು ಗಂಟೆ, ಆಮೇಲೆ ಎದ್ದು ನಲವತ್ತು ಜನರಿಗೆ ನಮಸ್ಕಾರ. ಬಗ್ಗು, ಏಳು, ಬಗ್ಗು, ಏಳು! ಮೂಗು ಕಟ್ಟಿ ತಲೆ ಸುತ್ತುವವಳನ್ನ ಬೀಳಿಸಬೇಕು ಅಂತಲೇ ಯಾರೋ ಕೂತು ಬರೆದ ಹಾಗಿದೆ. ಅತ್ತೆಯ ಜೊತೆ ಒಂದು ವಾರ ಮಾತುಕತೆ ನಡೀತು. ಈಗ ಆಗಿರುವ ಒಪ್ಪಂದ ಹೀಗಿದೆ: ಬೆಳಗ್ಗೆ ಎರಡು ಇಡ್ಲಿ ತಿಂದೇ ಕೂರೋದು, ಹೋಮದ ಹೊಗೆಗೆ ಎದುರಾಗಿ ಯಜಮಾನರು, ಬಾಗಿಲ ಪಕ್ಕದ ಗಾಳಿಗೆ ನಾನು, ಕುರ್ಚಿಯ ಮೇಲೆ. ನಮಸ್ಕಾರ ಕೂತಲ್ಲಿಂದಲೇ ಕೈ ಮುಗಿದು. ಪುರೋಹಿತರು "ಧಾರಾಳವಾಗಿ ಮಾಡಬಹುದಮ್ಮಾ, ನನ್ನ ಮಗಳಿಗೂ ಹಾಗೇ ಮಾಡಿಸಿದ್ದು" ಅಂದುಬಿಟ್ಟರು. ಅತ್ತೆಗೆ ಸ್ವಲ್ಪ ಬೇಜಾರಾಯ್ತು. ಆಮೇಲೆ ಅವರೇ ಬಂದು, ಅವರ ಸೀಮಂತದಲ್ಲಿ ಎಚ್ಚರ ತಪ್ಪಿ ಬಿದ್ದದ್ದನ್ನ, ದೇವಿ ಮೈಮೇಲೆ ಬಂದಳು ಅಂತ ಎಲ್ಲರೂ ಕೈ ಮುಗಿದದ್ದನ್ನ ಹೇಳಿದರು. ಮೂವತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲವಂತೆ. ಹೇಳಿ ಇಬ್ಬರೂ ನಕ್ಕೆವು.

ಗುರುವಾರ ನನ್ನ ಮುಂದಿನ ತಪಾಸಣೆ. ಚೀಟಿಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡಿದೀನಿ: ಮಲಗಿದಾಗ ಒಂದು ಸಲ, ನಿಂತಾಗ ಒಂದು ಸಲ ಬಿಪಿ ನೋಡ್ತೀರಾ? ಹಿಮೋಗ್ಲೋಬಿನ್ ಮತ್ತೆ ಯಾವಾಗ? ಗೊರಕೆ? ಮೂಗಿಗೆ ಉಪ್ಪುನೀರು ಸಾಲದಿದ್ದರೆ ಮುಂದೇನು? ಸಾಮಾನ್ಯ ಅಂದರೆ ಕುರ್ಚಿ ಬಿಟ್ಟು ಏಳಲ್ಲ. ಹೇಗೂ ಎದ್ದರೆ ತಲೆ ಸುತ್ತುತ್ತೆ :) ಹುಡುಗಿಯ ರಕ್ತ ಪರೀಕ್ಷೆ 9ಕ್ಕೆ ಇದೆ. ಡ್ರಿಪ್ ಆದ ಮೇಲೆ ಮೊದಲ ಸಲ ನೋಡೋದು, ಅವಳಿಗಿಂತ ನನಗೇ ಜಾಸ್ತಿ ಆತಂಕ.